ಶನಿವಾರ ಮೂರು ಗಂಟೆಯ ಗಂಡಸರು

"ಅಲ್ಲಾ ರಾಯರೇ, ಹುಡುಗ್ರು ಕುಣಿದ್ರೆ ಹೋಗ್ಲಿ ಅನ್ಬೋದು. ಐವತ್ತೈದು ದಾಟಿದ ಮನುಷ್ಯ. ತಲೆ ಬೋಳಾಗಿದೆ, ಹೊಟ್ಟೆ ಮುಂದೆ ಬಂದಿದೆ, ಮನೇಲಿ ಮೊಮ್ಮಗು ಇದ್ರೂ ಇರ್ಬೋದು. ಅಂಥವನು ಅಂಗಿ ಬಿಚ್ಚಿ ದೀಪದ ಕಂಬ ಹತ್ತಿ ಅರಚ್ತಾನಲ್ಲ, ಏನು ಬಂದಿದೆ ಅವನಿಗೆ?"

ಕಾಂಪೌಂಡ್ ಗೋಡೆಯ ಆಚೆಯಿಂದ ಮೇಷ್ಟ್ರು ಹೀಗೆ ಕೇಳಿದಾಗ ಅವರ ಕೈಯಲ್ಲಿ ಮೊಬೈಲಿತ್ತು. ಇಂಗ್ಲೆಂಡ್ ತಂಡದ ಯಾವುದೋ ಫುಟ್‌ಬಾಲ್ ಪಂದ್ಯದ ದಿನದ ದೃಶ್ಯವನ್ನು ಮೊಮ್ಮಗ ಕಳಿಸಿದ್ದನಂತೆ. ಜೀವಮಾನವಿಡೀ ಹೈಸ್ಕೂಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರಿಗೆ ಅಂಥದ್ದನ್ನು ನೋಡಿದರೆ ಸಂಕಟವಾಗುವುದು ಸಹಜ. ನಾನು ಕೆಲಸದ ಮೇಲೆ ಕೆಲವು ವರ್ಷ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಇದ್ದವನು. ಅಲ್ಲಿ ನನ್ನ ಬೇಲಿಯ ಆಚೆಗಿದ್ದವನೂ ಇಂಥದೇ ಒಬ್ಬ ಮನುಷ್ಯ. ಹಾಗಾಗಿ ಮೇಷ್ಟ್ರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ.

"ಬಿಯರು ಕಣ್ರೀ, ಇನ್ನೇನು" ಎಂದು ಅವರೇ ಉತ್ತರವನ್ನೂ ಕೊಟ್ಟರು.

ಬಿಯರಿನ ಪಾಲು ಇಲ್ಲವೆನ್ನಲಾರೆ. ಆದರೆ ಅದೇ ಇಂಗ್ಲೆಂಡಿನಲ್ಲಿ ಟ್ವಿಕನಮ್‌ಗೆ ರಗ್ಬಿ ನೋಡಲು ಹೋದವರು ಸೀಟಿನಲ್ಲಿ ಕೂತೇ ಬಿಯರ್ ಕುಡಿಯುತ್ತಾರೆ. ಎರಡೂ ತಂಡದವರು ಅಕ್ಕಪಕ್ಕ ಕೂತಿರುತ್ತಾರೆ, ನಡುವೆ ಪೊಲೀಸರ ಸಾಲು ಬೇಕಾಗುವುದಿಲ್ಲ. ಫುಟ್‌ಬಾಲಿಗಾದರೆ 1985ರಲ್ಲಿ ಒಂದು ಕಾನೂನು ಬಂತು. ಆಟ ಕಣ್ಣಿಗೆ ಬೀಳುವ ಜಾಗದಲ್ಲಿ ಕುಡಿಯುವಂತಿಲ್ಲ. ಅದರಿಂದ ಜನ ಕುಡಿಯುವುದನ್ನೇನೂ ಬಿಡಲಿಲ್ಲ, ಪಂದ್ಯಕ್ಕೆ ಮುಂಚೆ ಪಬ್ಬಿನಲ್ಲಿ ಗಟಗಟನೆ ಮುಗಿಸಿ ಬರುವುದನ್ನು ಕಲಿತರು. ಕುಡಿತವೊಂದೇ ಕಾರಣವಾಗಿದ್ದರೆ ರಗ್ಬಿಯ ಮೈದಾನಗಳಲ್ಲೂ ಕಂಬ ಹತ್ತುವವರು ಇರಬೇಕಿತ್ತು.

ನಾನು ಮೇಷ್ಟ್ರಿಗೆ ಹೇಳಿದ್ದು, ಮೊದಲು ವಯಸ್ಸಿನ ಲೆಕ್ಕ ಹಾಕಿ ನೋಡಿ ಅಂತ.

1985 ಇಂಗ್ಲಿಷ್ ಫುಟ್‌ಬಾಲಿನ ಕರಾಳ ವರ್ಷ. ಆ ಮಾರ್ಚ್ 13ರಂದು ಲೂಟನ್ ಊರಿನ ಮೈದಾನದಲ್ಲಿ ಲಂಡನ್ನಿನ ಮಿಲ್ವಾಲ್ ತಂಡದ ಅಭಿಮಾನಿಗಳು ಸೀಟುಗಳನ್ನು ಕಿತ್ತು ಪೊಲೀಸರ ಮೇಲೆ ಎಸೆದರು. ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಕಡೆಯವರು ಯುವೆಂಟಸ್ ಕಡೆಯವರ ಮೇಲೆ ನುಗ್ಗಿದಾಗ ಜನ ಗೋಡೆಗೆ ಒತ್ತಿಹೋಗಿ, ಗೋಡೆ ಕುಸಿದು 39 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಇಟಲಿಯವರು. ಇಂಗ್ಲಿಷ್ ಕ್ಲಬ್ಬುಗಳನ್ನು ಐದು ವರ್ಷ ಯುರೋಪಿನ ಸ್ಪರ್ಧೆಗಳಿಂದ ಹೊರಗಿಟ್ಟರು. ಆ ಕಾಲಕ್ಕೆ ಬಹುಪಾಲು ಊರುಗಳಲ್ಲಿ ಹೊಡೆದಾಟಕ್ಕೆಂದೇ ಕೂಡುವ ಒಂದು ಪಟಾಲಂ ಇರುತ್ತಿತ್ತು, ಅದಕ್ಕೆ ಅವರು ಫರ್ಮ್ ಅನ್ನುತ್ತಿದ್ದರು. ವೆಸ್ಟ್ ಹ್ಯಾಮ್‌ನವರು ರೈಲಿನ ಹೆಸರಿಟ್ಟುಕೊಂಡು ಇಂಟರ್ ಸಿಟಿ ಫರ್ಮ್ ಆದರು. ನಮ್ಮ ಪೋರ್ಟ್ಸ್‌ಮತ್‌ನವರದು 6.57 ಕ್ರೂ. ಶನಿವಾರ ಬೆಳಿಗ್ಗೆ 6.57ಕ್ಕೆ ಲಂಡನ್ನಿನ ವಾಟರ್‌ಲೂಗೆ ಹೊರಡುವ ರೈಲು ಹಿಡಿದು ಪರಊರಿನ ಪಂದ್ಯಗಳಿಗೆ ಹೋಗುತ್ತಿದ್ದವರು. 1987ರ ಸಂಸತ್ ಚುನಾವಣೆಗೆ ಈ ಗುಂಪಿನ ಹೆಸರಿನಲ್ಲಿ ಒಬ್ಬ ಅಭ್ಯರ್ಥಿಯೂ ನಿಂತಿದ್ದ.

1985ರಲ್ಲಿ ಹದಿನೇಳರಲ್ಲಿದ್ದ ಹುಡುಗನಿಗೆ 2013ರಲ್ಲಿ ನಲವತ್ತೈದು, ಈಗ ಐವತ್ತೇಳೆಂಟು. ಮೇಷ್ಟ್ರ ಮೊಬೈಲಿನಲ್ಲಿ ಕಂಬ ಹತ್ತಿದವನು ಅವನೇ. ಬೇರೆ ಯಾರೂ ಅಲ್ಲ. ಆ ಗದ್ದಲ ಒಂದು ತಲೆಮಾರಿನದು. ಅವರು ನಿಂತಲ್ಲೇ ನಿಂತು, ಕೂಗುವುದನ್ನು ಬಿಡದೆ, ಕೂಗುತ್ತಲೇ ಮುಪ್ಪಿನ ಕಡೆ ನಡೆದರು. ಅವರ ಹಿಂದಿನಿಂದ ಬರಬೇಕಾಗಿದ್ದ ಹುಡುಗರು ಅಷ್ಟಾಗಿ ಬರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಮೂಲ ಇರುವುದು ಇಲ್ಲಿ.

"ಯಾಕೆ ಬರ್ಲಿಲ್ಲ?"

ದುಡ್ಡು, ಮೇಷ್ಟ್ರೇ. 1989ರಲ್ಲಿ ಎಫ್.ಎ. ಕಪ್ ಸೆಮಿಫೈನಲ್ಲಿಗೆ ನಿಂತು ನೋಡುವ ಟಿಕೆಟ್ಟಿನ ಬೆಲೆ 6 ಪೌಂಡು. ವಾರದ ಪಂದ್ಯಗಳಿಗೆ ಅದಕ್ಕಿಂತ ಕಡಿಮೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೈಗೆ ಬರುವ ಚಿಲ್ಲರೆಯಲ್ಲೇ ಹುಡುಗರು ಗೆಳೆಯರ ಜೊತೆ ಹೋಗಿ ಗೋಲ್ ಹಿಂದಿನ ಮೆಟ್ಟಿಲಲ್ಲಿ ನಿಲ್ಲಬಹುದಿತ್ತು. ಮೈದಾನಗಳ ಸುರಕ್ಷತೆ ಕುರಿತ 1990ರ ಟೇಲರ್ ವರದಿಯ ನಂತರ ದೊಡ್ಡ ಕ್ಲಬ್ಬುಗಳ ಮೈದಾನಗಳಲ್ಲಿ ಆ ಮೆಟ್ಟಿಲುಗಳು ಹೋಗಿ ಎಲ್ಲೆಡೆ ಸೀಟು ಬಂತು, 1992ರಲ್ಲಿ ಪ್ರೀಮಿಯರ್ ಲೀಗ್ ಬಂತು, ಟಿ.ವಿ.ಯ ಹಣ ಬಂತು, ಟಿಕೆಟ್ಟಿನ ಬೆಲೆ ಏರುತ್ತಲೇ ಹೋಯಿತು. ಆಗಲೇ ಒಳಗಿದ್ದವರು ಸೀಸನ್ ಟಿಕೆಟ್ಟನ್ನು ವರ್ಷವರ್ಷವೂ ನವೀಕರಿಸಿಕೊಂಡು ಕೂತರು. ಹೊರಗಿದ್ದ ಹದಿನೇಳರ ಹುಡುಗ ಪಬ್ಬಿನ ಪರದೆಯಲ್ಲೋ ಮನೆಯ ಸೋಫಾದಲ್ಲೋ ನೋಡುವವನಾದ. ಮೈದಾನದ ಗದ್ದಲಕ್ಕೆ ವಯಸ್ಸಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನನ್ನ ಪೋರ್ಟ್ಸ್‌ಮತ್‌ನ ನೆರೆಯವನ ವಿಷಯ ಹೇಳುತ್ತೇನೆ. ಆ ಊರು ಒಂದು ದ್ವೀಪದ ಮೇಲಿದೆ, ಸಾಲು ಸಾಲು ಒತ್ತೊತ್ತಾದ ಮನೆಗಳು, ನೌಕಾಪಡೆಯ ಹಡಗುಕಟ್ಟೆ. ಈತ ಅಲ್ಲಿ ಹಡಗು ರಿಪೇರಿಯ ವೆಲ್ಡರು. ಹೊಸ ಹಡಗು ಕಟ್ಟುವ ಕೆಲಸ 2014ಕ್ಕೆ ಅಲ್ಲಿ ಮುಗಿದುಹೋಯಿತು. ಜೊತೆಗೆ ಕೆಲಸ ಕಲಿತವರು ಚದುರಿಹೋದರು. ವಾರವಿಡೀ ಈತ ಮಾತಾಡುವುದು ಅಪರೂಪ, ಬೇಲಿಯ ಹತ್ತಿರ ಸಿಕ್ಕರೆ ತಲೆಯಾಡಿಸಿ ಹವೆಯ ಬಗ್ಗೆ ಒಂದು ಮಾತು ಹೇಳಿ ಹೋಗುತ್ತಿದ್ದ. ಶನಿವಾರ ಮಾತ್ರ ಬೇರೆ ಮನುಷ್ಯ. ಹನ್ನೊಂದಕ್ಕೆಲ್ಲ ನೀಲಿ ಶರ್ಟು ಹಾಕಿ ಹೊರಡುವನು. ಶಾಲೆಯಲ್ಲಿದ್ದಾಗಿನಿಂದ ಜೊತೆಗಿದ್ದ ಮೂವರು ಗೆಳೆಯರು ಪಬ್ಬಿನಲ್ಲಿ ಕಾದಿರುತ್ತಿದ್ದರು. ಮೂರು ಗಂಟೆಗೆ ಆಟ. ತಂಡದ ಮೈದಾನ ಫ್ರಾಟನ್ ಪಾರ್ಕ್ ನಮ್ಮ ಬೀದಿಯಿಂದ ದೂರವಿರಲಿಲ್ಲ, ಗೋಲು ಬಿದ್ದರೆ ಟಿ.ವಿ. ಹಾಕದೆಯೇ ಗೊತ್ತಾಗುತ್ತಿತ್ತು. ಪುರಭವನದ ಗಡಿಯಾರದ ನಾದಕ್ಕೆ ಹೊಂದಿಸಿ ಆ ಊರಿನವರು ಕಟ್ಟಿದ ಒಂದು ಕೂಗಿದೆ, ನೂರು ವರ್ಷಕ್ಕಿಂತ ಹಳೆಯದು. ಅದನ್ನು ಸಾವಿರಾರು ಜನ ಒಟ್ಟಿಗೆ ಹಾಡುವಾಗ ಈತನ ದನಿಯೂ ಅದರೊಳಗಿದೆ ಎಂದು ನನಗೆ ಅನಿಸುತ್ತಿತ್ತು.

ಅವನ ಹೆಂಡತಿ ಒಮ್ಮೆ ಬಟ್ಟೆ ಒಣಹಾಕುತ್ತಾ ನನಗೆ ಹೇಳಿದರು: ತಂದೆ ತೀರಿಕೊಂಡಾಗ ಈತ ಅಳಲಿಲ್ಲವಂತೆ. ಇಂಗ್ಲಿಷ್ ಗಂಡಸು, ಅದರಲ್ಲೂ ಹಡಗುಕಟ್ಟೆಯವನು, ಹಾಗೆಲ್ಲ ಅಳುವುದಿಲ್ಲ. 2008ರ ಮೇ 17ರಂದು ವೆಂಬ್ಲಿಯಲ್ಲಿ ಕಾನು ಎಂಬ ಆಟಗಾರ ಹೊಡೆದ ಒಂದೇ ಗೋಲಿನಿಂದ ಪೋರ್ಟ್ಸ್‌ಮತ್ ಎಫ್.ಎ. ಕಪ್ ಗೆದ್ದಾಗ, ಪರಿಚಯವೇ ಇಲ್ಲದ ಒಬ್ಬ ಮುದುಕನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತನಂತೆ. ಚಿಕ್ಕವನಾಗಿದ್ದಾಗ ಈತನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಕರೆದೊಯ್ದವರು ಆ ತಂದೆಯೇ.

"ಅಂದ್ರೆ ಅಳೋಕೆ ಒಂದು ಜಾಗ ಬೇಕಿತ್ತು ಅಂತೀರಿ" ಎಂದರು ಮೇಷ್ಟ್ರು.

ಅಳೋಕೆ, ಅರಚೋಕೆ, ಬೈಯೋಕೆ, ತಬ್ಬಿಕೊಳ್ಳೋಕೆ. ನಾರ್ಬರ್ಟ್ ಎಲಿಯಾಸ್ ಮತ್ತು ಎರಿಕ್ ಡನ್ನಿಂಗ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1986ರಲ್ಲಿ ಕ್ರೀಡೆಯ ಬಗ್ಗೆ ಒಂದು ಪುಸ್ತಕ ತಂದರು. ಆಧುನಿಕ ಸಮಾಜ ಮನುಷ್ಯನಿಗೆ ದಿನವಿಡೀ ಭಾವನೆಯನ್ನು ಹಿಡಿದಿಟ್ಟುಕೊಳ್ಳಲು ಕಲಿಸುತ್ತದೆ, ಆ ಹಿಡಿತವನ್ನು ಒಪ್ಪಿತವಾದ ಒಂದು ಮಿತಿಯೊಳಗೆ ಸಡಿಲಿಸಲು ಆಟದ ಮೈದಾನ ಅವಕಾಶ ಕೊಡುತ್ತದೆ ಎಂಬುದು ಅವರ ವಾದದ ಸಾರ. ನನಗೆ ಇದು ನಿಜವೆನಿಸುತ್ತದೆ, ಮತ್ತು ಇಪ್ಪತ್ತರ ಹುಡುಗನಿಗಿಂತ ಐವತ್ತರ ಗಂಡಸಿಗೆ ಹೆಚ್ಚು ನಿಜವೆನಿಸುತ್ತದೆ. ಹುಡುಗನಿಗೆ ಕುಣಿಯಲು ನೂರು ಜಾಗ ಇವೆ. ಐವತ್ತರವನು ಇನ್ನೆಲ್ಲಿ ಬಾಯಿಬಿಟ್ಟರೂ ವಯಸ್ಸಿಗೆ ತಕ್ಕ ಹಾಗಿರು ಎಂಬ ಮಾತು ಕೇಳಬೇಕು. ನಮ್ಮ ಕಡೆ ತೇರಿನ ಹಗ್ಗಕ್ಕೆ ಕೈಹಾಕಿ ಕೂಗುವ ಹಿರಿಯರಿಗೆ ಯಾರೂ ಹಾಗನ್ನುವುದಿಲ್ಲ. ಕೂಗದಿದ್ದರೇ ಏನಾಯಿತು ಎಂದು ಕೇಳುತ್ತಾರೆ.

ಪೋರ್ಟ್ಸ್‌ಮತ್‌ನ ಎಲ್ಲರಿಗೂ ಗೊತ್ತಿರುವ ಒಬ್ಬ ಅಭಿಮಾನಿ ಇದ್ದಾರೆ. ಮೈತುಂಬ ಹಚ್ಚೆ, ಉದ್ದ ಟೊಪ್ಪಿ, ಕೈಯಲ್ಲಿ ಗಂಟೆ ಮತ್ತು ತುತ್ತೂರಿ. ತನ್ನ ಹೆಸರಿನ ನಡುವೆ ಕಾನೂನುಬದ್ಧವಾಗಿಯೇ ಪೋರ್ಟ್ಸ್‌ಮತ್ ಫುಟ್‌ಬಾಲ್ ಕ್ಲಬ್ ಎಂದು ಸೇರಿಸಿಕೊಂಡಿದ್ದಾರೆ. ಪಂದ್ಯದ ಹೊತ್ತಿನಲ್ಲಿ ಅವರಷ್ಟು ಸದ್ದು ಮಾಡುವವರು ಇನ್ನೊಬ್ಬರಿಲ್ಲ. ವಾರದ ದಿನಗಳಲ್ಲಿ ಅವರ ಕಸುಬು ಹಳೆಯ, ಅಪರೂಪದ ಪುಸ್ತಕಗಳ ವ್ಯಾಪಾರ. ಈ ಮಾತು ಕೇಳಿದ ಮೇಲೆ ಮೇಷ್ಟ್ರ ಮುಖ ಸ್ವಲ್ಪ ಸಡಿಲವಾಯಿತು. ಅವರ ಮನೆಯಲ್ಲಿ ಹಳೆ ಪುಸ್ತಕಕ್ಕೆ ಒಂದು ಕೋಣೆಯೇ ಇದೆ.

ಇನ್ನೂ ಒಂದು ಸಂಗತಿ. 2023ರ ಅಕ್ಟೋಬರಿನಲ್ಲಿ ನಾರಿಚ್ ಸಿಟಿ ಕ್ಲಬ್ ಮಾನಸಿಕ ಆರೋಗ್ಯ ದಿನಕ್ಕೆಂದು ಒಂದು ಪುಟ್ಟ ವೀಡಿಯೋ ಮಾಡಿತು. ಮೈದಾನದಲ್ಲಿ ಪಕ್ಕಪಕ್ಕ ಕೂರುವ ಇಬ್ಬರು ಗಂಡಸರು. ಒಬ್ಬ ಪ್ರತಿ ಪಂದ್ಯದಲ್ಲೂ ಎದ್ದು ಕುಣಿಯುತ್ತಾನೆ, ಚಪ್ಪಾಳೆ ಹೊಡೆಯುತ್ತಾನೆ, ಪಕ್ಕದವನನ್ನು ಹುರಿದುಂಬಿಸುತ್ತಾನೆ. ಇನ್ನೊಬ್ಬ ಮಂಕಾಗಿ ಕೂತಿರುತ್ತಾನೆ. ಕಡೆಗೆ ಒಂದು ದಿನ ಒಂದು ಸೀಟು ಖಾಲಿ ಇರುತ್ತದೆ. ಇಲ್ಲವಾದವನು ಕುಣಿಯುತ್ತಿದ್ದವನು. ಅದನ್ನು ನೋಡಿದ ಮೇಲೆ, ದೊಡ್ಡ ದನಿಯಲ್ಲಿ ಅರಚುವ ಬೋಳುತಲೆಯವರನ್ನು ಕಂಡಾಗ ನಗುವುದು ನನ್ನಿಂದಾಗಿಲ್ಲ. ಆ ದೇಶದಲ್ಲಿ ಆತ್ಮಹತ್ಯೆ ಹೆಚ್ಚಾಗಿರುವ ವಯಸ್ಸುಗಳಲ್ಲಿ ಗಂಡಸರ ನಲವತ್ತೈದು ಐವತ್ತೈದರ ನಡುವಿನ ವಯಸ್ಸೂ ಒಂದು. ಅಂಥವರನ್ನು ವಾರಕ್ಕೊಮ್ಮೆ ಹೆಸರು ಹಿಡಿದು ಕರೆಯುವ, ಬರದಿದ್ದರೆ ಯಾಕೆ ಬರಲಿಲ್ಲ ಎಂದು ವಿಚಾರಿಸುವ ನಾಲ್ಕು ಜನ ಆ ಸೀಟುಗಳ ಸಾಲಿನಲ್ಲಿರುತ್ತಾರೆ.

"ಅದೆಲ್ಲ ಸರಿ ರಾಯರೇ. ಆದ್ರೆ ಹೊಡೆದಾಟ? ಅದಕ್ಕೂ ಕಣ್ಣೀರಿನ ಕಥೆ ಹೇಳ್ತೀರಾ?"

ಹೇಳುವುದಿಲ್ಲ. 2013ರ ಏಪ್ರಿಲ್ 14ರಂದು ನ್ಯೂಕಾಸಲ್ ತನ್ನ ನೆರೆಯ ಸಂಡರ್‌ಲ್ಯಾಂಡಿನ ಕೈಲಿ 3–0 ಸೋತಾಗ, ಬೀದಿಯಲ್ಲಿ ಒಬ್ಬ ಮನುಷ್ಯ ಪೊಲೀಸ್ ಕುದುರೆಯ ಮುಖಕ್ಕೆ ಗುದ್ದಿದ. ಕುದುರೆಯ ಹೆಸರು ಬಡ್. ಗುದ್ದಿದವನ ವಯಸ್ಸು ನಲವತ್ತೈದು. ನ್ಯಾಯಾಲಯ ಒಂದು ವರ್ಷ ಜೈಲು ಕೊಟ್ಟಿತು. ಅದೇ ವಾರಾಂತ್ಯ ವೆಂಬ್ಲಿಯಲ್ಲಿ ಮಿಲ್ವಾಲ್ ಅಭಿಮಾನಿಗಳು ತಮ್ಮತಮ್ಮಲ್ಲೇ ಬಡಿದಾಡಿಕೊಂಡರು, ಪಕ್ಕದಲ್ಲಿ ಮಕ್ಕಳು ಅಳುತ್ತಿದ್ದರು. 2009ರ ಆಗಸ್ಟ್ 25ರಂದು ವೆಸ್ಟ್ ಹ್ಯಾಮ್ ಮತ್ತು ಮಿಲ್ವಾಲ್ ನಡುವೆ ಅಪ್ಟನ್ ಪಾರ್ಕ್‌ನಲ್ಲಿ ನಡೆದ ಗಲಭೆಯಲ್ಲಿ ಇರಿತಕ್ಕೆ ಸಿಕ್ಕವನೂ ನಲವತ್ತು ದಾಟಿದವನೇ. ಈ ವಯಸ್ಸಿನವರಲ್ಲಿ ಕೆಲವರಿಗಾದರೂ ಹಳೆಯ ಲೆಕ್ಕ ಬಾಕಿ ಇದ್ದಿರಬಹುದು. ಎಂಬತ್ತರ ದಶಕದ ಹೊಡೆದಾಟಗಳು ಮುಂದೆ ಆತ್ಮಕಥೆಗಳಾದವು, 2004ರ ಹೊತ್ತಿಗೆ ಸಿನಿಮಾಗಳೂ ಆದವು. ಪಬ್ಬಿನಲ್ಲಿ ಕೂತು ನಾನು ಅವತ್ತು ಅಲ್ಲಿದ್ದೆ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದವನಿಗೆ, ಎದುರಾಳಿ ಬೀದಿ ತಿರುವಿನಲ್ಲಿ ನಿಂತಾಗ ಹಿಂದೆ ಸರಿಯುವುದು ಕಷ್ಟ. ತಾನೇ ಹೇಳಿದ ಕಥೆ ಅವನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳುತ್ತದೆ. ಕ್ಷಮಿಸಲು ಇದು ಸಾಲದು. ಅಂಥವರನ್ನು ಮೈದಾನದಿಂದ ಮೂರರಿಂದ ಹತ್ತು ವರ್ಷ ದೂರವಿಡುವ ನಿಷೇಧದ ಆದೇಶಗಳು ಅಲ್ಲಿವೆ. ಇರಲೇಬೇಕು.

ಇದಕ್ಕಿಂತ ಕೆಟ್ಟದ್ದು ಮನೆಯೊಳಗಿನದು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2002, 2006, 2010ರ ವಿಶ್ವಕಪ್‌ಗಳ ಕಾಲದಲ್ಲಿ ಲ್ಯಾಂಕಶೈರಿನ ಪೊಲೀಸ್ ದಾಖಲೆಗಳನ್ನು ತೆಗೆದು ನೋಡಿದರು. ಇಂಗ್ಲೆಂಡ್ ಗೆದ್ದ ಅಥವಾ ಡ್ರಾ ಮಾಡಿಕೊಂಡ ದಿನ ಮನೆಯೊಳಗಿನ ಹಿಂಸೆಯ ದೂರುಗಳು ಶೇ. 26ರಷ್ಟು, ಸೋತ ದಿನ ಶೇ. 38ರಷ್ಟು ಹೆಚ್ಚು. ಕಂಬ ಹತ್ತಿದವನ ಚಿತ್ರ ಊರೆಲ್ಲ ಓಡಾಡುತ್ತದೆ. ಈ ದೂರುಗಳಿಗೆ ಚಿತ್ರವಿಲ್ಲ. ನನ್ನ ಕೋಪವೆಲ್ಲ ಇಲ್ಲಿದೆ, ಬೀದಿಯಲ್ಲಿ ಬಿಯರ್ ಚೆಲ್ಲಿ ಹಾಡುವವನ ಮೇಲಲ್ಲ.

ಯಾಕೆಂದರೆ ಹಾಡುವವನನ್ನೂ ಹೊಡೆಯುವವನನ್ನೂ ಒಂದೇ ಎಂದು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಿಲ್ಸ್‌ಬರೋ ಇದೆ. 1989ರ ಏಪ್ರಿಲ್ 15, ಶೆಫೀಲ್ಡ್ ಊರಿನ ಆ ಮೈದಾನ. ನಾನು ಆಗ ಹೇಳಿದ ಆ 6 ಪೌಂಡಿನ ಟಿಕೆಟ್ಟು ಅವತ್ತಿನದೇ. ಲೆಪಿಂಗ್ಸ್ ಲೇನ್ ಕಡೆಯ ಬಾಗಿಲಲ್ಲಿ ಜನ ಹೆಚ್ಚಾದಾಗ ಪೊಲೀಸರು ಹೊರಗೇಟು ತೆಗೆಸಿದರು. ಒಳಗೆ ಆಗಲೇ ತುಂಬಿಹೋಗಿದ್ದ ನಡುವಿನ ಆವರಣಗಳಿಗೆ ಹೋಗುವ ದಾರಿಯನ್ನು ಮುಚ್ಚಲಿಲ್ಲ. ಮುಂದೆ ಕಬ್ಬಿಣದ ಬೇಲಿ, ಪುಂಡರು ಮೈದಾನಕ್ಕೆ ನುಗ್ಗದಿರಲೆಂದು ಹಾಕಿದ್ದು. 97 ಜನ ಉಸಿರುಕಟ್ಟಿ, ನಜ್ಜುಗುಜ್ಜಾಗಿ ಸತ್ತರು. ಅತಿ ಚಿಕ್ಕವನಿಗೆ ಹತ್ತು ವರ್ಷ, ಅತಿ ಹಿರಿಯರಿಗೆ ಅರವತ್ತೇಳು. ಅವತ್ತಿನ ಪೊಲೀಸ್ ಮುಖ್ಯಸ್ಥ ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರೆಂದು ಸುಳ್ಳು ಹೇಳಿದ. ಪತ್ರಿಕೆಯೊಂದು ಸತ್ತವರ ಜೇಬಿಗೆ ಅಭಿಮಾನಿಗಳು ಕೈಹಾಕಿದರೆಂದು ಮುಖಪುಟದಲ್ಲಿ ಬರೆಯಿತು. ಬಹಳ ಜನ ನಂಬಿದರು, ಯಾಕೆಂದರೆ ಫುಟ್‌ಬಾಲಿನ ಜನ ಎಂದರೆ ಅಂಥವರೇ ಎಂದು ಮೊದಲೇ ತೀರ್ಮಾನವಾಗಿತ್ತು. ಆ ಸಾವುಗಳು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳದು ತಪ್ಪಿಲ್ಲ ಎಂದು ಜ್ಯೂರಿ ಹೇಳಿದ್ದು 2016ರ ಏಪ್ರಿಲ್ 26ರಂದು. ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರು ತೀರಿಹೋಗಿದ್ದರು.

ಮೇಷ್ಟ್ರು ಸುಮ್ಮನಾದರು. ಅವರ ಮನಸ್ಸಿಗೆ ಏನು ಬಂತೆಂದು ನನಗೆ ಗೊತ್ತಾಯಿತು, ನನಗೂ ಅದೇ ಬಂದಿತ್ತು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವತ್ತೂ ಮೊದಲು ಕೇಳಿದ ಮಾತು, ಜನಕ್ಕೆ ಬುದ್ಧಿ ಬೇಡವೇ ಎಂಬುದು. ಬಾಗಿಲು, ದಾರಿ, ಎಣಿಕೆ, ಇವುಗಳ ಮಾತು ಆಮೇಲೆ ಬಂತು.

ನಡೆಸಿಕೊಂಡ ಹಾಗೆ ಜನ ನಡೆದುಕೊಳ್ಳುತ್ತಾರೆ ಎನ್ನಲು ಒಳ್ಳೆಯ ಉದಾಹರಣೆಯೂ ಇದೆ. 2004ರ ಯೂರೋ ಕಪ್ ಪೋರ್ಚುಗಲ್‌ನಲ್ಲಿ. ಕ್ಲಿಫರ್ಡ್ ಸ್ಟಾಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಅಲ್ಲಿನ ನಗರ ಪೊಲೀಸರಿಗೆ ಸಲಹೆ ಕೊಟ್ಟಿದ್ದರು: ಗುರಾಣಿ, ಶಿರಸ್ತ್ರಾಣ ಕಾಣದ ಹಾಗೆ ಇಡಿ, ಜೋಡಿಜೋಡಿಯಾಗಿ ಜನರ ನಡುವೆ ಓಡಾಡಿ, ಮಾತಾಡಿಸಿ, ಹಾಡಲು ಬಿಡಿ, ಗೆರೆ ದಾಟಿದವನನ್ನು ಮಾತ್ರ ಹಿಡಿಯಿರಿ. ಪಂದ್ಯ ನಡೆದ ಊರುಗಳಲ್ಲಿ ಇಂಗ್ಲಿಷ್ ಅಭಿಮಾನಿಗಳ ಗಲಭೆ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಪೊಲೀಸ್ ಪಡೆಯ ಕೈಕೆಳಗಿದ್ದ ಅಲ್ಬುಫೇರಾ ಎಂಬ ಕಡಲೂರಿನಲ್ಲಿ ಗಲಭೆಯೇ ಆಯಿತು. ದೇಶ ಒಂದೇ, ಜನರೂ ಅದೇ ಜನ, ಬಿಯರೂ ಅದೇ ಬಿಯರ್.

ಇನ್ನು ಪೋರ್ಟ್ಸ್‌ಮತ್ ಮಾತಿಗೆ ಬಂದರೆ, ಕಪ್ ಗೆದ್ದ ಎರಡೇ ವರ್ಷಕ್ಕೆ ಕ್ಲಬ್ಬು ಸಾಲದಲ್ಲಿ ಮುಳುಗಿತು. ಒಬ್ಬರ ಮೇಲೊಬ್ಬರು ಮಾಲೀಕರು ಬಂದುಹೋದರು, ತಂಡ ಒಂದೊಂದೇ ಮೆಟ್ಟಿಲು ಇಳಿದು ನಾಲ್ಕನೇ ದರ್ಜೆಗೆ ಬಿತ್ತು. ಬಾಗಿಲು ಮುಚ್ಚಿಯೇಬಿಡುತ್ತದೆ ಎನ್ನುವಾಗ ಅಭಿಮಾನಿಗಳೇ ಟ್ರಸ್ಟ್ ಕಟ್ಟಿ, ತಲೆಗೆ ಸಾವಿರ ಪೌಂಡು ಹಾಕಿ, 2013ರ ಏಪ್ರಿಲಿನಲ್ಲಿ ಕ್ಲಬ್ಬನ್ನು ಕೊಂಡರು. ಹಾಗೆ ಹಣ ಹಾಕಿದವರು ಎರಡು ಸಾವಿರಕ್ಕೂ ಹೆಚ್ಚು. ನನ್ನ ನೆರೆಯವನು ಅಡುಗೆಮನೆ ಸರಿಮಾಡಿಸಲು ಇಟ್ಟಿದ್ದ ಹಣವನ್ನು ಕೊಟ್ಟನಂತೆ. ಹೆಂಡತಿಯನ್ನು ಕೇಳಿಯೇ ಕೊಟ್ಟ, ಅದನ್ನು ಆಕೆ ಒತ್ತಿ ಹೇಳಿದರು. 2017ರಲ್ಲಿ ಕ್ಲಬ್ಬು ಒಂದು ದರ್ಜೆ ಮೇಲೆ ಹತ್ತುವ ಹೊತ್ತಿಗೆ ಒಡೆತನ ಇವರದೇ. ಶನಿವಾರ ಗಂಟಲು ಹರಿಯುವಂತೆ ಕೂಗುವ ಮನುಷ್ಯ ಸೋಮವಾರ ಸಂಜೆ ಕ್ಲಬ್ಬಿನ ಲೆಕ್ಕಪತ್ರ ಓದಲು ಕೂರುತ್ತಾನೆ ಎಂದರೆ ಅವನ ಕೂಗಿನೊಳಗೆ ಎಷ್ಟು ಪ್ರೀತಿ, ಎಷ್ಟು ಹೊಣೆ ಇದ್ದಿರಬೇಕು.

"ಅಲ್ರೀ, ಇವರಿಗೆ ವಯಸ್ಸಾಗಿ ಮೂಲೆ ಸೇರಿದ ಮೇಲೆ?"

ಅದೇ ನನ್ನ ಚಿಂತೆ. 2016ರಲ್ಲಿ ಲಿವರ್‌ಪೂಲ್ ಕ್ಲಬ್ಬು ತನ್ನ ಹೊಸ ಕಟ್ಟಡದ ಕೆಲವು ಸೀಟುಗಳಿಗೆ 77 ಪೌಂಡು ನಿಗದಿ ಮಾಡಿತು. ಫೆಬ್ರವರಿ 6ರಂದು ಸಂಡರ್‌ಲ್ಯಾಂಡಿನ ವಿರುದ್ಧ ತಂಡ 2–0 ಮುಂದಿತ್ತು. ಸರಿಯಾಗಿ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರಗೆ ನಡೆದರು. ಪಂದ್ಯ 2–2ರಲ್ಲಿ ಮುಗಿಯಿತು. ನಾಲ್ಕೇ ದಿನದಲ್ಲಿ ಕ್ಲಬ್ಬು ಆ ಬೆಲೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಮುಂದಿನ ತಿಂಗಳು ಪ್ರೀಮಿಯರ್ ಲೀಗ್ ಪರಊರಿನಿಂದ ಬರುವ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿತು. 2022ರಿಂದ, ಕಂಬಿ ಹಾಕಿ ಸುರಕ್ಷಿತ ಮಾಡಿದ ಜಾಗಗಳಲ್ಲಿ ನಿಂತು ನೋಡಲೂ ಬಿಡುತ್ತಿದ್ದಾರೆ. ಮೂವತ್ತು ವರ್ಷ ಕಳೆದ ಮೇಲೆ ಆ ಗಂಡಸರು ಮತ್ತೆ ನಿಂತಿದ್ದಾರೆ, ಮಂಡಿನೋವು ಇಟ್ಟುಕೊಂಡೇ. ಆದರೆ 30 ಪೌಂಡಿನ ಆ ಮಿತಿ ಪರಊರಿನವರಿಗೆ ಮಾತ್ರ. ತವರಿನ ಮೈದಾನದಲ್ಲಿ ಹದಿನೇಳರ ಹುಡುಗನೊಬ್ಬ ತನ್ನ ದುಡಿಮೆಯ ಹಣದಲ್ಲಿ ಟಿಕೆಟ್ಟು ಕೊಂಡು ಇವರ ಪಕ್ಕ ಬಂದು ನಿಲ್ಲುವ ಹಾಗಾಗಬೇಕು.

"ನಿಂತ್ರೆ ಇವರ ಗಲಾಟೇನೇ ಅವನೂ ಕಲೀತಾನಲ್ರೀ" ಎಂದರು ಮೇಷ್ಟ್ರು, ಮೊಬೈಲನ್ನು ಜೇಬಿಗಿಳಿಸುತ್ತಾ.

ಕಲೀಲಿ ಮೇಷ್ಟ್ರೇ, ಅಂದೆ. ಬೈಗುಳ ಕಲೀತಾನೆ, ಹಾಡು ಕಲೀತಾನೆ, ಕ್ಲಬ್ಬಿನ ಲೆಕ್ಕಪತ್ರ ಓದೋದನ್ನೂ ಕಲೀತಾನೆ.